ಎಣಿಸಿ ನೋಡಿದ ಕಣ್ಣು

ಮಹಾಕಾವ್ಯದಲ್ಲಿ ಹದಿನೆಂಟು ವರ್ಣನೆಗಳಿರಬೇಕೆಂದು ನಮ್ಮ ಲಾಕ್ಷಣಿಕರು ವಿಧಿಸಿದ್ದಾರೆ. ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯ ಎಂದು ಆ ಪಟ್ಟಿ ಸಾಗುತ್ತದೆ. ಮೂವತ್ತು ವರ್ಷಗಳಿಂದ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತ ಬಂದಿರುವ ನನಗೆ ಆ ಪಟ್ಟಿ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುತ್ತದೆ. ಆದರೆ ನಿಮ್ಮಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನಾನು ಸಮುದ್ರವನ್ನು ಮೊದಲು ಕಂಡದ್ದು ನಲವತ್ತನೆಯ ವಯಸ್ಸಿನಲ್ಲಿ. ಅದಕ್ಕೆ ಮೊದಲು ಹನ್ನೆರಡು ವರ್ಷ ಮಕ್ಕಳಿಗೆ ಸಮುದ್ರವರ್ಣನೆಯನ್ನು ಬಾಯಿಪಾಠ ಮಾಡಿಸಿದ್ದೆ. ತಪ್ಪಿದವರನ್ನು ಬೆಂಚಿನ ಮೇಲೆ ನಿಲ್ಲಿಸಿಯೂ ಇದ್ದೆ.

ಸಮುದ್ರದ ಮಾತು ಹೋಗಲಿ, ಅದು ದೂರದ್ದು. ಮುತ್ತುಗದ ಹೂವಿನ ಮಾತು ಕೇಳಿ. ಸಂಸ್ಕೃತದಲ್ಲಿ ಅದಕ್ಕೆ ಕಿಂಶುಕವೆಂದು ಹೆಸರು. 'ಇದೇನು ಗಿಳಿಯೋ?' ಎಂಬ ಅರ್ಥ ಆ ಹೆಸರಿನಲ್ಲಿದೆ ಎಂದು ಪಂಡಿತರು ವಿವರಿಸುತ್ತಾರೆ. ಬಣ್ಣವುಂಟು, ಗಂಧವಿಲ್ಲ, ಆದ್ದರಿಂದ ವಿದ್ಯೆಯಿಲ್ಲದ ಸುಂದರನಿಗೆ ಅದನ್ನು ಹೋಲಿಸುವುದು ವಾಡಿಕೆ. ಪಾಠ ಒಪ್ಪಿಸದ ಹುಡುಗರನ್ನು ಬೈಯಲು ಈ ಹೋಲಿಕೆ ನನಗೆ ಬಹಳ ಒದಗಿಬಂದಿದೆ. ಒಂದು ಸಲ ಹೀಗೆಯೇ ಒಬ್ಬ ಹುಡುಗನನ್ನು ಕಿಂಶುಕವೆಂದು ಕರೆದೆ. ಹಳ್ಳಿಯಿಂದ ನಡೆದು ಬರುವ ಹುಡುಗ. ಅವನು ತಲೆ ತಗ್ಗಿಸಿ ನಿಂತು, "ಸರ್, ನೀವು ಮುತ್ತಲದ ಹೂವ ನೋಡೀರೇನ್ರಿ?" ಎಂದು ಕೇಳಿದ. ಉದ್ಧಟತನದ ಮಾತಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದ ಮಾತು. ತರಗತಿ ನಕ್ಕಿತು. ನಾನು ಅವನನ್ನು ಕೂರಿಸಿ ಮುಂದಿನ ಪದ್ಯಕ್ಕೆ ಹೋದೆ.

ಮರುದಿನ ಅವನು ಒಂದು ರೆಂಬೆಯನ್ನೇ ಮುರಿದು ತಂದು ನನ್ನ ಮೇಜಿನ ಮೇಲೆ ಇಟ್ಟ. ಶಿವರಾತ್ರಿ ಕಳೆದ ದಿನಗಳು. ರೆಂಬೆಯಲ್ಲಿ ಎಲೆಯೊಂದೂ ಇಲ್ಲ. ಕಪ್ಪು ಮಕಮಲ್ಲಿನಂತಹ ತೊಟ್ಟು, ಅದರೊಳಗಿನಿಂದ ಬಾಗಿ ಹೊರಟ ಕೆಂಡದ ಬಣ್ಣದ ಎಸಳು. ಅದು ಥೇಟು ಗಿಳಿಯ ಕೊಕ್ಕು. ಹೆಸರಿಟ್ಟವನು ಮರದ ಕೆಳಗೆ ನಿಂತು ತಲೆಯೆತ್ತಿ ನೋಡಿದವನು. ಆ ಹೆಸರನ್ನು ಮೂವತ್ತು ವರ್ಷ ಪಾಠ ಹೇಳಿದವನು ನೋಡದವನು. ಆ ಮರವಾದರೂ ಎಲ್ಲಿತ್ತೆನ್ನುತ್ತೀರಿ? ಶಾಲೆಯಿಂದ ಅರ್ಧ ಮೈಲಿ ದೂರದ ಕೆರೆಯ ಏರಿಯ ಮೇಲೆ. ಅದರ ಎಲೆಯಲ್ಲಿ ನಾನು ಎಷ್ಟೋ ಮದುವೆಯ ಊಟ ಉಂಡಿದ್ದೆ.

ಇದರಿಂದ ನನಗೊಂದು ಸಂಶಯ ಹುಟ್ಟಿತು. ಒಂದು ವಸ್ತುವಿಗೆ ಹೆಸರು ಗೊತ್ತಾದ ಕ್ಷಣವೇ ಕಣ್ಣು ರಜೆ ತೆಗೆದುಕೊಳ್ಳುತ್ತದೆಯೋ ಏನೋ! ಮರ ಎಂದೊಡನೆ ಮರವನ್ನು ನೋಡುವುದು ಮುಗಿಯಿತು, ಮನೆ ಎಂದೊಡನೆ ಮನೆಯನ್ನು ನೋಡುವುದು ಮುಗಿಯಿತು. ಮತ್ತೆ ಕಣ್ಣನ್ನು ಕೆಲಸಕ್ಕೆ ಹಚ್ಚಬೇಕಾದರೆ ಉಪಾಯವೇನು?

ಉಪಾಯ ನನ್ನ ಅವ್ವನಿಗೆ ಗೊತ್ತಿತ್ತು. ಅವಳು ಓದು ಬರಹ ಕಲಿತವಳಲ್ಲ. ಧಾರವಾಡದ ಕಡೆಯ ಹೆಣ್ಣುಮಕ್ಕಳಂತೆ ಕಸೂತಿ ಹಾಕುವುದನ್ನು ಕಲಿತಿದ್ದಳು. ನಮ್ಮ ಊರಿನ ತೇರಿನ ದಿನ ಎಲ್ಲರೂ ಉತ್ತತ್ತಿ, ಬಾಳೆಹಣ್ಣು ಎಸೆದು ಕೈಮುಗಿಯುವ ಗದ್ದಲದಲ್ಲಿ, ಅವ್ವ ಒಂದು ಕಟ್ಟೆಯ ಮೇಲೆ ನಿಂತು ತುಟಿ ಅಲ್ಲಾಡಿಸುತ್ತ ಬೆರಳ ಗೆಣ್ಣುಗಳನ್ನು ಮುಟ್ಟಿಕೊಳ್ಳುತ್ತಿದ್ದಳು. ಜಪ ಮಾಡುತ್ತಿದ್ದಾಳೆಂದು ನಾನು ತಿಳಿದಿದ್ದೆ. ಬಹಳ ವರ್ಷಗಳ ಮೇಲೆ ಗೊತ್ತಾಯಿತು: ಅವಳು ತೇರಿನ ಅಂತಸ್ತುಗಳನ್ನು ಎಣಿಸುತ್ತಿದ್ದಳು.

ಕಸೂತಿಯ ಕಟ್ಟಳೆ ಅಂತಹುದು. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವಂತಿಲ್ಲ; ಹಾಸು ಹೊಕ್ಕಿನ ಎಳೆಗಳನ್ನು ಎಣಿಸಿ ಸೂಜಿ ಚುಚ್ಚಬೇಕು. ಗಂಟು ಹಾಕುವಂತಿಲ್ಲ. ಹೊಲಿಗೆಗಳು ನಾಲ್ಕು: ಗವಂತಿ, ಮುರಗಿ, ನೇಗಿ, ಮೆಂತೆ. ನೇಗಿಯೆಂದರೆ ನೇಯ್ಗೆಯಂತೆ ಕಾಣುವುದು. ಮೆಂತೆಯೆಂದರೆ ಮೆಂತ್ಯದ ಕಾಳು ಚೆಲ್ಲಿದಂತೆ ಕತ್ತರಿ ಕತ್ತರಿಯಾಗಿ ತುಂಬುವುದು. ಗವಂತಿಯ ಸೊಗಸೇ ಬೇರೆ. ಸೂಜಿ ಒಂದು ತಾವು ಬಿಟ್ಟು ಒಂದು ತಾವು ಹೊಲಿಯುತ್ತ ಹೋಗುತ್ತದೆ. ಹೋದ ದಾರಿಯಲ್ಲೇ ಹಿಂದಿರುಗಿ, ಹೋಗುವಾಗ ಬಿಟ್ಟ ತಾವುಗಳನ್ನು ಬರುವಾಗ ತುಂಬುತ್ತದೆ. ಆದುದರಿಂದ ಬಟ್ಟೆಯ ಒಳಮೈ ಹೊರಮೈ ಎರಡೂ ಒಂದೇ ಆಗಿ ಕಾಣುತ್ತವೆ. ಮುರಗಿಯೂ ಹಾಗೆಯೇ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ.

ಈಗ ಯೋಚಿಸಿ ನೋಡಿ. ಸೂಜಿ ಅಡ್ಡ ಹೋಗಬಹುದು, ಉದ್ದ ಹೋಗಬಹುದು, ಓರೆಯಾಗಿ ಹೋಗಬಹುದು, ಗುಂಡಗೆ ಹೋಗಲಾರದು. ನವಿಲಿನ ಕೊರಳು ಗುಂಡಗಿದೆ, ಆನೆಯ ಬೆನ್ನು ಗುಂಡಗಿದೆ, ತೊಟ್ಟಿಲು ಬಾಗಿದೆ. ಇವನ್ನು ಎಳೆ ಎಣಿಸಿ ಮೂಡಿಸುವವಳು ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸಬೇಕಾಗುತ್ತದೆ. ಐದಾರು ಗೆರೆಗಳಲ್ಲಿ ಅದು ನವಿಲೇ ಆಗಬೇಕು, ಕೋಳಿಯಾಗಬಾರದು! ಅದಕ್ಕಾಗಿ ನವಿಲನ್ನು ನಾವು ನೀವು ನೋಡುವಂತೆ ನೋಡಿದರೆ ಸಾಲದು. ಕಸೂತಿಯ ಚಿತ್ರಗಳನ್ನು ಗಮನಿಸಿ: ಗೋಪುರ, ತೇರು, ಪಲ್ಲಕ್ಕಿ, ನಂದಿ, ಆನೆ, ಕಮಲ, ತೊಟ್ಟಿಲು, ತುಳಸೀಕಟ್ಟೆ. ಯಾವುದೂ ಮನೆಯಿಂದ ಬಹಳ ದೂರದ್ದಲ್ಲ. ನೀರಿಗೆ ಹೋಗುವಾಗ, ಗುಡಿಗೆ ಹೋಗುವಾಗ, ಮಗುವನ್ನು ತೂಗುವಾಗ ಕಂಡದ್ದೇ ಬಟ್ಟೆಗೆ ಬಂದಿದೆ.

ಹತ್ತಿರದ್ದನ್ನು ನೋಡುವ ಈ ಗುಣ ನಮ್ಮ ಹೆಣ್ಣುಮಕ್ಕಳಿಗೆ ಮಾತ್ರ ಮೀಸಲೆಂದು ನಾನು ಜಂಬ ಕೊಚ್ಚುತ್ತಿದ್ದಾಗ, ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರರು ಒಂದು ಪುಸ್ತಕ ತಂದು ತೋರಿಸಿದರು. ಫ್ರಾನ್ಸಿನ ಕ್ಲೋದ್ ಮೋನೆ ಎಂಬ ಚಿತ್ರಕಾರ 1890ರ ಸುಗ್ಗಿಯ ಕೊನೆಯಿಂದ ಮರುವರ್ಷದವರೆಗೆ, ಜಿವರ್ನಿ ಎಂಬ ಹಳ್ಳಿಯಲ್ಲಿ ತನ್ನ ಮನೆಯ ಹತ್ತಿರದ ಹೊಲದಲ್ಲಿದ್ದ ಬಣವೆಗಳನ್ನೇ ಬಿಡಿಸುತ್ತ ಕುಳಿತನಂತೆ. ಬೆಳಗಿನ ಬಣವೆ, ಸಂಜೆಯ ಬಣವೆ, ಹಿಮ ಬಿದ್ದಾಗಿನ ಬಣವೆ, ಹಿಮ ಕರಗುವಾಗಿನ ಬಣವೆ, ಎಲ್ಲ ಸೇರಿ ಸುಮಾರು 25 ಚಿತ್ರಗಳು. ಅವುಗಳಲ್ಲಿ 15ನ್ನು 1891ರ ಮೇ ತಿಂಗಳಲ್ಲಿ ಪ್ಯಾರಿಸಿನಲ್ಲಿ ಪ್ರದರ್ಶನಕ್ಕಿಟ್ಟ. ಬಣವೆ ಒಂದೇ, ಅದರ ಮೇಲೆ ಬಿದ್ದ ಬೆಳಕು ಬೇರೆ ಬೇರೆ. ಒಂದು ಚಿತ್ರದಲ್ಲಿ ಬಣವೆಯ ನೆರಳು ನೇರಳೆ ಬಣ್ಣಕ್ಕೆ ತಿರುಗಿದೆ. ನೆರಳು ಕಪ್ಪಲ್ಲವೇ ಎಂದೆ. "ಪಂಡಿತರೇ, ಸಂಜೆ ಹೊರಗೆ ಹೋಗಿ ನೋಡಿರಿ" ಎಂದರು ಮಾಸ್ತರರು. ನಾನು ಶಾಲೆಗೆ ಹೋಗುವ ದಾರಿಯಲ್ಲಿ ಜೋಳದ ಸೊಪ್ಪೆಯ ಬಣವೆಯೊಂದಿದೆ. ನೋಡಿದೆ. ನೇರಳೆಯೆಂದು ಪ್ರಮಾಣ ಮಾಡಲಾರೆ, ಕಪ್ಪಂತೂ ಅಲ್ಲ.

ಪ್ರವಾಸ ಹೋದರೆ ಕಣ್ಣು ತೆರೆಯುತ್ತದೆ ಎನ್ನುವವರಿದ್ದಾರೆ. ತೆರೆಯಬಹುದು, ಬಸ್ಸು ಕೆಟ್ಟರೆ! ಹಾಸ್ಯಕ್ಕೆ ಹೇಳಿದ್ದಲ್ಲ. ಶಾಲೆಯ ಮಕ್ಕಳನ್ನು ಕರೆದುಕೊಂಡು ನಾನು ಬೇಲೂರಿಗೆ ನಾಲ್ಕು ಸಲ ಹೋಗಿದ್ದೆ. ವಿಷ್ಣುವರ್ಧನ, 1117ನೆಯ ಇಸವಿ, ನಕ್ಷತ್ರಾಕಾರದ ಜಗತಿ, ಮದನಿಕೆಯರು ಎಂದು ಒಂದು ಗಂಟೆಯಲ್ಲಿ ಮುಗಿಸಿ, ಹಳೇಬೀಡಿಗೆ ಹೊತ್ತಾಯಿತೆಂದು ಮಕ್ಕಳನ್ನು ಅಟ್ಟುತ್ತಿದ್ದೆ. ಐದನೆಯ ಸಲ ಬಸ್ಸು ಕೆಟ್ಟಿತು. ನಾಲ್ಕು ಗಂಟೆಗಳ ಕಾಲ ಗುಡಿಯ ಅಂಗಳವೇ ಗತಿ. ಹೇಳುವುದೆಲ್ಲ ಮುಗಿದುಹೋಗಿತ್ತು, ಉಳಿದದ್ದು ನೋಡುವುದೊಂದೇ. ಆಗ ಒಬ್ಬಳು ಹುಡುಗಿ, "ಸರ್, ಅಲ್ಲಿ ಹಲ್ಲಿ ಅದ" ಎಂದಳು. ಗೋಡೆಯ ಹಲ್ಲಿಯೆಂದುಕೊಂಡೆ. ಅಲ್ಲ, ಕಲ್ಲಿನ ಹಲ್ಲಿ. ಒಬ್ಬ ಮದನಿಕೆಯ ತಲೆಯ ಮೇಲಿನ ಬಳ್ಳಿಯ ಚಪ್ಪರದಲ್ಲಿ ಒಂದು ಹಣ್ಣು. ಹಣ್ಣಿನ ಮೇಲೆ ಒಂದು ನೊಣ. ನೊಣದ ಮೇಲೆ ಎರಗಲು ಹೊಂಚಿರುವ ಹಲ್ಲಿ.

ಬೇಲೂರಿನ ಶಿಲ್ಪಿಗಳಲ್ಲಿ ಕೆಲವರು ತಮ್ಮ ಹೆಸರನ್ನು ಕೆತ್ತಿಟ್ಟಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅಂಥವರು. ದೇವಾಲಯದ ಲಕ್ಷಣ ಹೇಳುವ ಶಾಸ್ತ್ರಗ್ರಂಥಗಳು ಅವರಿಗೆ ತಿಳಿದಿದ್ದಿರಬೇಕು. ಆದರೆ ನೊಣ ಹಿಡಿಯುವ ಹಲ್ಲಿಯನ್ನು ಯಾವ ಶಾಸ್ತ್ರ ಹೇಳೀತು? ಅದನ್ನು ಕೆತ್ತಿದವನು ರಾತ್ರಿ ತನ್ನ ಬಿಡಾರದ ದೀಪದ ಬಳಿ, ಕೈಕಾಲು ನೋಯುತ್ತ ಮಲಗಿ, ಗೋಡೆಯ ಮೇಲಿನ ಹಲ್ಲಿಯ ಬೇಟೆಯನ್ನು ನೋಡಿರಬೇಕು. ಬಳಪದ ಕಲ್ಲು ಗಣಿಯಿಂದ ಬಂದ ಹೊಸತರಲ್ಲಿ ಮೆತ್ತಗಿದ್ದು, ಗಾಳಿಗೆ ಕ್ರಮೇಣ ಗಟ್ಟಿಯಾಗುವಂಥದು. ಅಷ್ಟರೊಳಗೆ ಆ ಹಲ್ಲಿಯನ್ನು ಇಳಿಸಿಬಿಟ್ಟಿದ್ದಾನೆ. 2023ರಲ್ಲಿ ಯುನೆಸ್ಕೋ ಸಂಸ್ಥೆ ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಹಲ್ಲಿಯೂ ಸೇರಿತೆಂದು ನನಗೆ ಸಂತೋಷ.

ಋತುಗಳ ವಿಷಯ ಒಂದು ಮಾತು. ಹತ್ತನೆಯ ತರಗತಿಯ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಬೇಸಗೆಯಲ್ಲಿ ಬೆಂಗಳೂರಿಗೆ ಹೋದಾಗಲೆಲ್ಲ ಆ ನಗರದ ಹಳೆಯ ಬೀದಿಗಳಲ್ಲಿ ಯಾವುದಾದರೊಂದು ಮರ ಹೂಬಿಟ್ಟೇ ಇರುವುದನ್ನು ಕಂಡು ಆಶ್ಚರ್ಯಪಟ್ಟಿದ್ದೆ. ಅದು ಆಕಸ್ಮಿಕವಲ್ಲ. ಜರ್ಮನಿಯಿಂದ ಬಂದು 1908ರಿಂದ 1932ರವರೆಗೆ ಲಾಲ್‌ಬಾಗ್ ತೋಟವನ್ನು ನೋಡಿಕೊಂಡ ಕ್ರುಂಬಿಗಲ್ ಎಂಬವರು, ಒಂದು ಜಾತಿಯ ಹೂವು ಉದುರುವಾಗ ಇನ್ನೊಂದು ಅರಳುವಂತೆ ಮರಗಳನ್ನು ಆರಿಸಿ ಬೀದಿಗಳಲ್ಲಿ ನೆಡಿಸಿದರು. ಪಂಚಾಂಗವನ್ನು ಬೀದಿಯಲ್ಲಿ ನೆಟ್ಟಂತಾಯಿತು! ನಮ್ಮ ಊರಿಗೆ ಅಂತಹ ಯೋಜಕರು ಬರಲಿಲ್ಲ. ಆದರೂ ಯುಗಾದಿಯ ಹೊತ್ತಿಗೆ ಹೊಂಗೆ ಚಿಗುರುವ ಹಸುರು, ಮೊದಲ ಮಳೆಗೆ ಎರೆಮಣ್ಣು ಇನ್ನಷ್ಟು ಕಪ್ಪಾಗುವುದು, ಹಿಂಗಾರಿ ಜೋಳ ತೆನೆಗಟ್ಟಿದ ಮೇಲಿನ ಹೊಲದ ಬಣ್ಣ, ಇವಕ್ಕೆ ಟಿಕೆಟ್ಟಿಲ್ಲ.

ಮತ್ತೆ ಅವ್ವನ ಮಾತಿಗೆ ಬರುತ್ತೇನೆ. ಹೇಳಬೇಕಾದದ್ದು ಅಲ್ಲಿಯೇ ಇದೆ.

ಅವ್ವನ ಬಳಿ ಒಂದು ಚಂದ್ರಕಾಳಿ ಸೀರೆಯಿತ್ತು. ಮೈಯೆಲ್ಲ ಕಪ್ಪು ರೇಷ್ಮೆ, ಅದರ ಮೇಲೆ ಅವಳೇ ಹಾಕಿದ ಕಸೂತಿ. ಮದುವೆಗೆ ಮುಂಚೆ ಎರಡು ವರ್ಷ ಕುಳಿತು ಹಾಕಿದ್ದಂತೆ. ಅವಳು ತೀರಿಕೊಂಡ ಮೇಲೆ ಮನೆ ಮಾರಿ ಸಾಮಾನು ವಿಲೇವಾರಿ ಮಾಡುವ ಗಡಿಬಿಡಿಯಲ್ಲಿ, ಮಡಿಕೆಗಳಲ್ಲಿ ಸೀಳಿದ್ದ ಆ ಸೀರೆಯನ್ನು ಹಳೆಯ ರೇಷ್ಮೆ ತೆಗೆದುಕೊಂಡು ಪಾತ್ರೆ ಕೊಡುವವನಿಗೆ ಕೊಟ್ಟೆ. ಬೇರೆ ಯಾರೂ ಅಲ್ಲ, ನಾನೇ ಕೊಟ್ಟೆ. ಬದಲಿಗೆ ಬಂದ ಸ್ಟೀಲಿನ ಡಬರಿ ನಮ್ಮ ಅಡುಗೆಮನೆಯಲ್ಲಿ ಇನ್ನೂ ಇದೆ. ಆ ಸೀರೆಯ ಮೇಲೆ ಏನೇನು ಚಿತ್ರಗಳಿದ್ದವೆಂದು ನೀವು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ನೂರಾರು ಸಲ ಕಂಡಿದ್ದೆ. 'ಕಸೂತಿ' ಎಂಬ ಹೆಸರು ಗೊತ್ತಿತ್ತಲ್ಲ, ಅಷ್ಟಕ್ಕೇ ನೋಡುವುದು ಮುಗಿದಿತ್ತು.

ಕಳೆದ ದೀಪಾವಳಿಗೆ ಬಂದಿದ್ದ ನನ್ನ ಮಗಳ ಮಗಳು, ಒಂಬತ್ತು ವರ್ಷದವಳು, ಹಳೆಯ ಟ್ರಂಕನ್ನು ಕೆದಕಿ ಒಂದು ಕುಂಚಿಗೆಯನ್ನು ಎತ್ತಿ ತಂದಳು. ನಾನು ಕೂಸಾಗಿದ್ದಾಗ ಅವ್ವ ನನಗಾಗಿ ಹೊಲಿದದ್ದು. ಬೆನ್ನ ಮೇಲೆ ಇಳಿಯುವ ಬಟ್ಟೆಯ ತುಂಬ ಕಸೂತಿ. "ಅಜ್ಜಾ, ಇದೇನಿದು?" ಎಂದು ನಡುವಿನ ಒಂದು ಚಿತ್ರಕ್ಕೆ ಬೆರಳಿಟ್ಟಳು. "ಗೋಪುರ" ಎಂದೆ. ಪಂಡಿತನಲ್ಲವೇ, ಹೆಸರು ಸಿದ್ಧವಾಗಿತ್ತು. ಅವಳಿಗೆ ಸಮಾಧಾನವಾಗಲಿಲ್ಲ. ತನ್ನ ಗಣಿತದ ಚೌಕುಳಿ ನೋಟುಬುಕ್ಕನ್ನು ತಂದು, ಎಳೆ ಎಣಿಸಿ ಎಣಿಸಿ, ಒಂದು ಹೊಲಿಗೆಗೆ ಒಂದು ಚೌಕದಂತೆ ಚಿತ್ರವನ್ನು ಇಳಿಸತೊಡಗಿದಳು. ಎರಡು ಸಂಜೆ ಹಿಡಿಯಿತು. ಎರಡನೆಯ ಸಂಜೆ, "ಗೋಪುರಕ್ಕ ಮೂರು ಮೆಟ್ಲ ಯಾಕ ಅದಾವ? ಎಡಕ್ಕ ಎರಡ ಅವ, ಬಲಕ್ಕ ಮೂರ ಅವ. ಅಜ್ಜಿ ತಪ್ಪಿದ್ಳೇನು?" ಎಂದಳು.

ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಗೋಪುರವಲ್ಲ. ಅದು ನಮ್ಮ ಹಳೆಯ ಮನೆಯ ಹಿತ್ತಲಿನ ತುಳಸೀಕಟ್ಟೆ. ಅದರ ಎಡಗಡೆಯ ಕೆಳಗಿನ ಮೆಟ್ಟಿಲು ಮಳೆಗೆ ಕುಸಿದು ಮಣ್ಣಿನಲ್ಲಿ ಹೂತುಹೋಗಿತ್ತು. ಅಪ್ಪ ಅದನ್ನು ಸರಿಮಾಡಿಸುತ್ತೇನೆಂದು ಹೇಳುತ್ತಲೇ ತೀರಿಕೊಂಡರು. ನಡುವೆ ನಾಲ್ಕು ಎಳೆಯಷ್ಟು ಬರಿದಾಗಿ ಬಿಟ್ಟದ್ದು ದೀಪವಿಡುವ ಗೂಡು. ಅವ್ವ ತಪ್ಪಿರಲಿಲ್ಲ, ಇದ್ದದ್ದನ್ನು ಇದ್ದಂತೆ ಎಣಿಸಿದ್ದಳು. ಆ ಮನೆ ಈಗಿಲ್ಲ. ಕೊಂಡವರು ಕೆಡವಿ ಅಂಗಡಿ ಕಟ್ಟಿದ್ದಾರೆ. ಅದರ ಒಂದು ಭಾವಚಿತ್ರವೂ ನಮ್ಮಲ್ಲಿಲ್ಲ.

ಹುಡುಗಿಗೆ ಇದನ್ನೆಲ್ಲ ಹೇಳಿದೆ. ಅವಳು ಕೇಳಿಕೊಂಡು, ರಬ್ಬರಿನಿಂದ ಅಳಿಸಲು ಹೊರಟಿದ್ದ ಎಡಗಡೆಯನ್ನು ಹಾಗೆಯೇ ಉಳಿಸಿದಳು. ಆಮೇಲೆ ಕುಂಚಿಗೆಯನ್ನು ತಿರುವಿ ಹಾಕಿ ಒಳಮೈಯ ಎಳೆಗಳನ್ನೂ ಎಣಿಸಿದಳು. ಅಲ್ಲಿಯೂ ಒಂದು ಕಡೆ ಎರಡು ಮೆಟ್ಟಿಲು, ಒಂದು ಕಡೆ ಮೂರು.