ಹಿನ್ನೀರಿನಾಚೆ ಒಂದು ಮನೆ



ಶನಿವಾರ, ಭಾನುವಾರ ಬಂತೆಂದರೆ ನಾನೂ ನನ್ನ ಪತ್ನಿಯೂ ಸೈಕಲ್ ಹತ್ತಿ ಮನೆ ಹುಡುಕಲು ಹೊರಡುತ್ತೇವೆ. ಕಳೆದ ಬಾರಿ ಹೋದದ್ದು ಸಾಗರ ತಾಲ್ಲೂಕಿನ ಬ್ಯಾಕೋಡಿಗೆ. ಮೊದಲಾಗಿದ್ದರೆ ಅಂಬಾರಗೋಡ್ಲಿನಲ್ಲಿ ಲಾಂಚಿಗೆ ಕಾಯಬೇಕಿತ್ತು. 2025ರ ಜುಲೈನಲ್ಲಿ 2.44 ಕಿಲೋಮೀಟರ್ ಉದ್ದದ ಸೇತುವೆ ತೆರೆದ ಮೇಲೆ ಶರಾವತಿ ಹಿನ್ನೀರನ್ನು ಸೈಕಲ್ಲಿನಲ್ಲೇ ದಾಟಬಹುದು. ಗಾಳಿ ಮಾತ್ರ ಜೋರು!

ಮಾರಾಟಕ್ಕಿದ್ದ ಹಂಚಿನ ಮನೆಯೊಂದು ಇಬ್ಬರಿಗೂ ಹಿಡಿಸಿತು. ಮನೆಯ ಅಜ್ಜಿ ಮುರುಗಲು ಹಣ್ಣಿನ ಪಾನಕ ತಂದಿಟ್ಟರು. ಕಡುಗೆಂಪು ಬಣ್ಣ ನೋಡಿ ನನ್ನಾಕೆ, "ವೈನಿನ ಹಾಗೇ ಇದೆ" ಎಂದಳು. "ಅದೆಲ್ಲ ಇಲ್ಲ ತಂಗೀ, ಬರೀ ಬೆಲ್ಲ, ಏಲಕ್ಕಿ" ಎಂದು ಅಜ್ಜಿ ನಕ್ಕರು.

ನಾನು ಹಕ್ಕುಪತ್ರ ಕೇಳಿದೆ. ಅಜ್ಜಿ ನೀರಿನತ್ತ ಕೈ ತೋರಿಸಿದರು. "ಪತ್ರ ಇದ್ದ ಮನೆ ಅಲ್ಲಿ, ಕೆಳಗಿದೆ."

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಮನೆ, ತೋಟ, ಗದ್ದೆ ಮುಳುಗಿದವು. ನಾಡಿಗೆ ವಿದ್ಯುತ್ತು ಬಂತು. ನೀವು ಓದುವ ದೀಪದಲ್ಲೂ ಅದರ ಪಾಲಿರಬಹುದು. ಎದ್ದುಬಂದ ಎಷ್ಟೋ ಕುಟುಂಬಗಳು ಬೇರೂರಿದ ನೆಲ ಮಾತ್ರ ದಾಖಲೆಯಲ್ಲಿ ಅರಣ್ಯವೆಂದೇ ಉಳಿಯಿತು. ಹಕ್ಕುಪತ್ರಕ್ಕಾಗಿ ಮಕ್ಕಳು, ಮೊಮ್ಮಕ್ಕಳು ಅಲೆದರು.

ಬೆಲೆ ಕೇಳಲು ನನಗೆ ಬಾಯಿ ಬರಲಿಲ್ಲ. ಹೊರಟಾಗ ಅಜ್ಜಿ ಒಣಗಿಸಿದ ಮುರುಗಲು ಸಿಪ್ಪೆ ಕಟ್ಟಿಕೊಟ್ಟರು.