ಸತ್ತವನು ಯಾರು?



ಮೊನ್ನೆ ಸಂಜೆ ತೋರಣಗಲ್ಲು ರೈಲು ನಿಲ್ದಾಣದಲ್ಲಿ ನನ್ನ ಹತ್ತನೆಯ ತರಗತಿಯ ಹುಡುಗನೊಬ್ಬ ಮೊಬೈಲಿನಲ್ಲಿ ಮುಳುಗಿ ಕುಳಿತಿದ್ದ. "ಏನಪ್ಪಾ, ಏನು ನಡೆಸಿದ್ದೀ?" ಎಂದೆ. "ಒಂಬತ್ತು ಮಂದೀನ ಹೊಡದೆ ಸಾರ್" ಎಂದ. "ಯಾರು ಅವರು?" ಎಂದು ಕೇಳಿದೆ. "ಯಾರೋ ಸಾರ್!" ಎಂದು ನಕ್ಕುಬಿಟ್ಟ. ತೆರೆಯ ಮೇಲೆ ಸತ್ತವನ ಜಾಗದಲ್ಲಿ ಒಂದು ಪೆಟ್ಟಿಗೆ ಉಳಿದಿತ್ತು. ಹುಡುಗ ಅದರೊಳಗಿನ ಮದ್ದುಗುಂಡು ಬಾಚಿಕೊಂಡು ಹತ್ತನೆಯವನನ್ನು ಹುಡುಕುತ್ತ ಹೊರಟ.

ಕನ್ನಡ ಪಂಡಿತನಾದ ನಾನು ಯುದ್ಧದ ಕಥೆಯನ್ನು ಹಳಿಯುವಂತಿಲ್ಲ. ನಮ್ಮ ಕಾವ್ಯಗಳಲ್ಲಿ ನೆತ್ತರು ಹೊಳೆಯಾಗಿಯೇ ಹರಿದಿದೆ. ಆದರೆ 10ನೆಯ ಶತಮಾನದ ರನ್ನನ 'ಗದಾಯುದ್ಧ'ವನ್ನು ನೆನೆಯಿರಿ. ದುರ್ಯೋಧನ ರಣಭೂಮಿಯಲ್ಲಿ ಹೆಣಗಳ ನಡುವೆ ನಡೆಯುತ್ತಾನೆ. ಇವನು ಗುರು ದ್ರೋಣ, ಇವನು ತಮ್ಮ ದುಶ್ಶಾಸನ, ಇವನು ಗೆಳೆಯ ಕರ್ಣ ಎಂದು ಒಂದೊಂದರ ಬಳಿಯೂ ನಿಲ್ಲುತ್ತಾನೆ, ಮರುಗುತ್ತಾನೆ. ಹಗೆಯ ಮಗನಾದ ಅಭಿಮನ್ಯುವಿಗೂ ಕೈ ಮುಗಿಯುತ್ತಾನೆ. ಅಲ್ಲಿ ರೌದ್ರದ ಬೆನ್ನಿಗೇ ಕರುಣವುಂಟು. ಈ ಆಟಗಳಲ್ಲಿ ರೌದ್ರವುಂಟು, ಬೀಭತ್ಸವುಂಟು. ಕರುಣಕ್ಕೆ ಎಡೆಯೇ ಇಲ್ಲ.

ಇನ್ನು ಸ್ವೋಪಜ್ಞತೆಯ ಮಾತು. ರನ್ನನೂ ಪಂಪಭಾರತದ ಹದಿಮೂರನೆಯ ಆಶ್ವಾಸದಿಂದಲೇ ವಸ್ತುವನ್ನು ಎತ್ತಿಕೊಂಡವನು. ಸಾಲ ತರುವುದು ತಪ್ಪಲ್ಲ. ಅದಕ್ಕೆ ತನ್ನದೊಂದು ಕಣ್ಣನ್ನು ಕೊಡದಿರುವುದು ತಪ್ಪು. ಜನರನ್ನು ಒಂದು ದ್ವೀಪಕ್ಕೆ ಇಳಿಸಿ, ಕೊನೆಗೊಬ್ಬನುಳಿಯುವ ತನಕ ಕೊಲ್ಲಿಸುವ ಕಥೆ 2000ದ ಜಪಾನೀ ಚಲನಚಿತ್ರ 'ಬ್ಯಾಟಲ್ ರಾಯಲ್'ನಲ್ಲಿತ್ತು. ಅದೇ ಅಚ್ಚಿನಲ್ಲಿ 2017ರಲ್ಲಿ ಪಬ್‌ಜಿ ಬಂತು. ಅದೇ ವರ್ಷ ಫೋರ್ಟ್‌ನೈಟ್, ಫ್ರೀ ಫೈರ್‌ಗಳೂ ಬಂದವು. ಬಂದೂಕು ಬದಲಾಯಿತು, ಬಟ್ಟೆ ಬದಲಾಯಿತು, ನೋಟ ಬದಲಾಗಲಿಲ್ಲ. ಹೊಸದನ್ನು ಹೇಳಲಾರದವನು ಗಾಯವನ್ನು ಇನ್ನಷ್ಟು ದೊಡ್ಡದು ಮಾಡಿ ತೋರಿಸುತ್ತಾನೆ.

ನಿಷೇಧಿಸಿದರೆ ಮುಗಿಯಿತಲ್ಲ ಎನ್ನುವಿರಾ? 2020ರ ಸೆಪ್ಟೆಂಬರಿನಲ್ಲಿ ನಮ್ಮ ಸರ್ಕಾರ ಪಬ್‌ಜಿಯನ್ನು ನಿಷೇಧಿಸಿತು. ಅದೂ ಹಿಂಸೆಗಾಗಿ ಅಲ್ಲ, ದೇಶದ ಭದ್ರತೆಯ ಕಾರಣದಿಂದ. ಮರುವರ್ಷವೇ ಅದು ಬೇರೆ ಹೆಸರು ಹೊತ್ತು ಬಂತು. ಅಮೆರಿಕದಲ್ಲಿ 1994ರಿಂದ ಆಟಗಳಿಗೆ ವಯಸ್ಸಿನ ಗುರುತು ಹಚ್ಚುತ್ತಾರೆ. 'ಪ್ರೌಢರಿಗೆ' ಎಂದರೆ ಹದಿನೇಳು ದಾಟಿದವರಿಗೆ. ಆ ಗುರುತನ್ನು ನಮ್ಮಲ್ಲಿ ಎಷ್ಟು ಮಂದಿ ತಾಯ್ತಂದೆಯರು ಓದಿದ್ದೇವೆ?

ಆಟವೆಂಬುದೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. 2014ರಲ್ಲಿ ಪೋಲೆಂಡಿನವರು 'ದಿಸ್ ವಾರ್ ಆಫ್ ಮೈನ್' ಎಂಬ ಆಟವೊಂದನ್ನು ಮಾಡಿದರು. ಅದರಲ್ಲಿ ನಾವು ಸೈನಿಕರಲ್ಲ. ಮುತ್ತಿಗೆಗೆ ಸಿಕ್ಕ ಊರಿನ ಬಡ ನಾಗರಿಕರು. ಅಲ್ಲಿ ನಿರಪರಾಧಿಯನ್ನು ಕೊಂದವನು ಮನಸ್ಸು ಮುರಿದು ಕೂತುಬಿಡುತ್ತಾನೆ. ರನ್ನ ಕಂಡದ್ದನ್ನು ಅವರೂ ತಮ್ಮ ದಾರಿಯಲ್ಲಿ ಕಂಡರು.

ಆದುದರಿಂದ, ಮನೆಯಲ್ಲಿ ಮೊಬೈಲನ್ನು ಕಸಿದುಕೊಳ್ಳುವ ಮುನ್ನ ಒಮ್ಮೆ ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳಿ. "ಎಷ್ಟು ಜನರನ್ನು ಹೊಡೆದೆ?" ಎಂದು ಕೇಳಬೇಡಿ. "ಸತ್ತವನು ಯಾರು?" ಎಂದು ಕೇಳಿ. ನನ್ನ ಹುಡುಗ ಅಂದು ನಕ್ಕ, ನಿಜ. ಮರುದಿನ ಪಾಠ ಮುಗಿದ ಮೇಲೆ ಅವನೇ ಹತ್ತಿರ ಬಂದು, "ಸಾರ್, ದುರ್ಯೋಧನ ವೈರಿಯ ಮಗನಿಗೆ ಯಾಕೆ ಕೈ ಮುಗಿದ?" ಎಂದು ಕೇಳಿದ. ಆ ಪ್ರಶ್ನೆಗೆ ನಾವು ಬಿಡುವು ಮಾಡಿಕೊಳ್ಳಬೇಕು.