ಪತ್ತೇದಾರಿ ಕಾದಂಬರಿ: ಸಂಗ್ರಹ ಮತ್ತು ಮರುಓದು

ಇಂಗ್ಲಿಷಿನ ಮೊದಮೊದಲ ಪತ್ತೇದಾರಿ ಕಾದಂಬರಿಗಳಲ್ಲಿ ಹೆಸರಾದ ವಿಲ್ಕಿ ಕಾಲಿನ್ಸ್‌ನ ‘ದಿ ಮೂನ್‌ಸ್ಟೋನ್’ (1868) ಶ್ರೀರಂಗಪಟ್ಟಣದಲ್ಲಿ ಆರಂಭವಾಗುತ್ತದೆ. 1799ರ ಮೇ 4ರಂದು ಕೋಟೆ ಬಿದ್ದಾಗ ಟಿಪ್ಪುವಿನ ಆಯುಧಾಗಾರದಿಂದ ಕಂಪನಿಯ ಸೈನ್ಯಾಧಿಕಾರಿಯೊಬ್ಬ ದೋಚಿದ ವಜ್ರವೇ ಕಥೆಯ ಮೂಲ. ವಜ್ರ ಕಲ್ಪಿತ, ಯುದ್ಧ ನಿಜ. ಎಡ್ಗರ್ ಅಲನ್ ಪೋ 1841ರಲ್ಲಿ ಪತ್ತೇದಾರಿ ಸಣ್ಣಕಥೆಗೆ ದಾರಿ ಹಾಕಿದ್ದ. 1887ರಲ್ಲಿ ಕಾನನ್ ಡಾಯ್ಲ್‌ನ ಷರ್ಲಾಕ್ ಹೋಮ್ಸ್, 1920ರಲ್ಲಿ ಅಗಾಥಾ ಕ್ರಿಸ್ಟಿಯ ಪ್ವಾರೋ ಓದುಗರ ಮುಂದೆ ಬಂದರು.

ಕನ್ನಡದಲ್ಲಿ ಕಾದಂಬರಿ ಓದುವ ರೂಢಿಯನ್ನು ಬೆಳೆಸಿದವರಲ್ಲಿ ಮುಖ್ಯರು ಕೊಳ್ಳೇಗಾಲದಲ್ಲಿ ಹುಟ್ಟಿ ಬಂಗಾಳಿಯಿಂದ ಅನುವಾದ ಮಾಡಿದ ಬಿ. ವೆಂಕಟಾಚಾರ್ಯರು. ಪತ್ತೇದಾರಿ ಕಾದಂಬರಿ ಮನೆಮಾತಾದದ್ದು 1950ರ ದಶಕದಿಂದೀಚೆಗೆ. ನಾಲ್ಕನೇ ತರಗತಿಯವರೆಗೆ ಮಾತ್ರ ಓದಿದ್ದ ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮ, ಮಧುಸೂದನ, ಅರಿಂಜಯ, ಗಾಳಿರಾಯ ಓದುಗರಿಗೆ ಪರಿಚಿತ ವ್ಯಕ್ತಿಗಳೇ ಆದರು. ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಹೆಸರಾಂತ ಪತ್ತೇದಾರಿ ಲೇಖಕರು. ಆ ಮೇಲೆ ಟಿ.ಕೆ. ರಾಮರಾವ್ ಕುತೂಹಲದ ಕಥನಕ್ಕೆ ಬಿಗಿಯಾದ ಹೆಣಿಗೆ ಕೊಟ್ಟರು. 1972ರ ‘ಬಂಗಾರದ ಮನುಷ್ಯ’ ಚಿತ್ರಕ್ಕೆ ಆಧಾರವಾದ ಕಾದಂಬರಿಯೂ ಅವರದೇ.

ಲಕ್ಷಾಂತರ ಜನ ಓದಿದ ಪ್ರಕಾರವೊಂದರ ಪ್ರತಿಗಳು ಇಂದು ಅಪರೂಪವಾಗಿರುವುದಕ್ಕೆ ಅವುಗಳ ಜನಪ್ರಿಯತೆಯೇ ಕಾರಣ. ಅಗ್ಗದ ಬೆಲೆಗೆ ಕೊಡಬೇಕಾಗಿದ್ದರಿಂದ ನ್ಯೂಸ್‌ಪ್ರಿಂಟ್ ಕಾಗದದಲ್ಲಿ ಅಚ್ಚಾಗುತ್ತಿದ್ದವು. ಆ ಕಾಗದದಲ್ಲಿರುವ ಆಮ್ಲಾಂಶ ವರ್ಷ ಕಳೆದಂತೆ ಹಾಳೆಯನ್ನು ಹಳದಿಯಾಗಿಸಿ ಪುಡಿಗಟ್ಟಿಸುತ್ತದೆ. ಬಾಡಿಗೆ ಲೈಬ್ರರಿಗಳಲ್ಲಿ ಒಂದೊಂದು ಪ್ರತಿಯೂ ನೂರಾರು ಕೈ ದಾಟುತ್ತಿತ್ತು. ಹರಿದ ಪ್ರತಿಗೆ ಲೈಬ್ರರಿಯವರು ಬಣ್ಣದ ಮುಖಪುಟ ಕಿತ್ತು ರಟ್ಟು ಕಟ್ಟಿಸುತ್ತಿದ್ದರು. ಮೊದಲು ಕಳಚಿ ಬೀಳುವುದು ಕೊನೆಯ ಹಾಳೆ. ಪತ್ತೇದಾರಿ ಕಾದಂಬರಿಗೆ ಆ ನಷ್ಟ ತುಂಬಲಾಗದ್ದು. ಇವು ಸಾಹಿತ್ಯವೇ ಅಲ್ಲವೆಂಬ ತಾತ್ಸಾರದಿಂದ ವಿದ್ವತ್ ಗ್ರಂಥಾಲಯಗಳೂ ಹೆಚ್ಚಾಗಿ ಕೂಡಿಡಲಿಲ್ಲ. ಹೀಗಾಗಿ ಹಳೆಯ ಪ್ರತಿ ಸಿಗುವುದು ಮನೆಯ ಅಟ್ಟದಲ್ಲಿ, ಮುಚ್ಚಿದ ಬಾಡಿಗೆ ಲೈಬ್ರರಿಯ ರಾಶಿಯಲ್ಲಿ, ಬೆಂಗಳೂರಿನ ಅವೆನ್ಯೂ ರಸ್ತೆಯಂಥ ಹಳೇ ಪುಸ್ತಕದ ಬೀದಿಯಲ್ಲಿ.

ಸಂಗ್ರಾಹಕನ ಮೊದಲ ಕೆಲಸ ಪ್ರತಿಯ ಕಾಲ ಗುರುತಿಸುವುದು. ಎಷ್ಟೋ ಪ್ರತಿಗಳಲ್ಲಿ ಮುದ್ರಣದ ವರ್ಷವಿರುವ ಪುಟವೇ ಇರುವುದಿಲ್ಲ. ಆಗ ಬೆಲೆ, ವಿಳಾಸ, ಅಚ್ಚು ಮೂರೂ ಸಾಕ್ಷಿ ಹೇಳುತ್ತವೆ. ಬೆಲೆ ಆಣೆಯಲ್ಲಿದ್ದರೆ ಪುಸ್ತಕ ಬಹುಮಟ್ಟಿಗೆ 1957ರ ಏಪ್ರಿಲ್‌ಗಿಂತ ಹಿಂದಿನದು. ದಶಮಾಂಶ ನಾಣ್ಯ ಜಾರಿಗೆ ಬಂದದ್ದು ಆ ತಿಂಗಳು. ‘ನಯೇ ಪೈಸೆ’ ಎಂದಿದ್ದರೆ ಅಲ್ಲಿಂದ 1964ರೊಳಗಿನದು. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ‘ಮೈಸೂರು ರಾಜ್ಯ’ ಎಂಬ ಉಲ್ಲೇಖವಿದ್ದರೆ 1973ರ ನವೆಂಬರ್‌ಗಿಂತ ಮುಂಚಿನದಿರಬಹುದು. ಹಾಳೆಯ ಹಿಂಬದಿಯನ್ನು ಬೆರಳಿಂದ ಸವರಿದಾಗ ಅಕ್ಷರದ ಉಬ್ಬು ತಾಗಿದರೆ ಅದು ಮೊಳೆ ಜೋಡಿಸಿ ಒತ್ತಿದ ಅಚ್ಚು, ನುಣ್ಣಗಿದ್ದರೆ ಆಫ್‌ಸೆಟ್. ಈ ಸಾಕ್ಷಿಗಳ ತೂಕ ಒಂದೇ ಅಲ್ಲ. ಪಿನ್‌ಕೋಡ್ ‘ಇದಕ್ಕಿಂತ ಹಿಂದಲ್ಲ’ ಎಂದು ಖಚಿತವಾಗಿ ಹೇಳುತ್ತದೆ. ಹಳೆಯ ಬೆಲೆಯೋ ಹಳೆಯ ರಾಜ್ಯದ ಹೆಸರೋ ರೂಢಿಬಲದಿಂದ ಮುಂದಕ್ಕೂ ಉಳಿದಿರಬಹುದು. ಲೈಬ್ರರಿಯ ಮೊಹರು, ಬಾಡಿಗೆ ಚೀಟಿ, ಓದಿದವರ ಷರಾ ಇವನ್ನೂ ಅಳಿಸಬಾರದು; ಪುಸ್ತಕ ಯಾವ ಊರಿನಲ್ಲಿ ಯಾರ ನಡುವೆ ಓಡಾಡಿತೆಂಬುದಕ್ಕೆ ಬೇರೆ ದಾಖಲೆಯಿಲ್ಲ.

ಕಾಪಿಡುವ ಕ್ರಮ ಊರಿಂದ ಊರಿಗೆ ಬೇರೆಯಾಗುತ್ತದೆ. ನೀಲಗಿರಿ ಜಿಲ್ಲೆಯೊಳಗೇ ಈ ವ್ಯತ್ಯಾಸ ಕಾಣುತ್ತದೆ. ಗೂಡಲೂರಿನಲ್ಲಿ ಮುಂಗಾರಿನ ತೇವಕ್ಕೆ, ಉದಕಮಂಡಲದಲ್ಲಿ ಮಂಜು ಮತ್ತು ಥಂಡಿಗೆ ಪುಸ್ತಕ ಬೂಷ್ಟು ಹಿಡಿಯುತ್ತದೆ. ಮಳೆನೆರಳಿನ ಮಸಿನಗುಡಿಯಲ್ಲಿ ಗೆದ್ದಲಿನ ಕಾಟ ಹೆಚ್ಚು. ಎಲ್ಲೆಡೆಗೂ ಸಲ್ಲುವ ನಿಯಮಗಳು ಕೆಲವಿವೆ: ಕಪಾಟನ್ನು ಹೊರಗೋಡೆಗೆ ಅಂಟಿಸಿ ಇಡಬಾರದು, ಪುಸ್ತಕಗಳನ್ನು ಬಿಗಿಯಾಗಿ ತುರುಕಬಾರದು, ಒಣಹವೆಯ ದಿನ ನೆರಳಿನಲ್ಲಿ ಗಾಳಿಗೆ ಹರವಬೇಕು. ಬಿರುಬಿಸಿಲು ನ್ಯೂಸ್‌ಪ್ರಿಂಟನ್ನು ಇನ್ನಷ್ಟು ಬೇಗ ಕೆಡಿಸುತ್ತದೆ. ತುಕ್ಕು ಹಿಡಿದ ಪಿನ್ನು ತೆಗೆದು ಹತ್ತಿಯ ದಾರದಲ್ಲಿ ಹೊಲಿಯಬೇಕು. ಸೆಲ್ಲೋಟೇಪ್ ಕೂಡದು, ಅದರ ಅಂಟು ಕಂದು ಕಲೆಯಾಗಿ ಅಕ್ಷರವನ್ನೇ ನುಂಗುತ್ತದೆ.

ಕೊಲೆಗಾರ ಯಾರೆಂದು ತಿಳಿದ ಮೇಲೆ ಪುಸ್ತಕದ ಕೆಲಸ ಮುಗಿಯಿತೆಂಬ ನಂಬಿಕೆ ವ್ಯಾಪಕ. ಆದರೆ ಲೇಖಕನ ಕಸುಬು ಕಣ್ಣಿಗೆ ಬೀಳುವುದು ಎರಡನೇ ಓದಿನಲ್ಲಿ. ಡಾಯ್ಲ್‌ನ ‘ಸಿಲ್ವರ್ ಬ್ಲೇಜ್’ (1892) ಇದಕ್ಕೆ ಒಳ್ಳೆಯ ಉದಾಹರಣೆ. ಪಂದ್ಯದ ಕುದುರೆ ಕಾಣೆಯಾಗಿದೆ, ತರಬೇತುದಾರ ಸತ್ತಿದ್ದಾನೆ, ಲಾಯದ ಕಾವಲು ಹುಡುಗ ಅಫೀಮಿನ ಮತ್ತಿನಲ್ಲಿ ಬಿದ್ದಿದ್ದಾನೆ. ರಾತ್ರಿ ನಾಯಿ ಬೊಗಳಲಿಲ್ಲವೆಂಬ ಸುಳಿವು ಜಗತ್ಪ್ರಸಿದ್ಧ. ಅದಕ್ಕೂ ಮುಂಚೆ, ಹುಡುಗನ ಊಟಕ್ಕೆ ಅಂದು ಮಸಾಲೆ ಹಾಕಿದ ಕುರಿಮಾಂಸವಿತ್ತೆಂಬ ಮಾತು ಬಂದುಹೋಗುತ್ತದೆ. ಮೊದಲ ಓದಿನಲ್ಲಿ ಅದು ಬರೀ ಊಟದ ವಿವರ. ಅಫೀಮಿನ ರುಚಿಯನ್ನು ಮರೆಮಾಡಲು ಸಪ್ಪೆ ಅಡುಗೆಯಿಂದಾಗದು, ಖಾರ ಮಸಾಲೆ ಬೇಕು. ಆ ಸಂಜೆ ಲಾಯದ ಬಳಿ ಸುಳಿದ ಅಪರಿಚಿತನ ಮೇಲೆ ಪೊಲೀಸರಿಗೆ ಅನುಮಾನ. ಆದರೆ ತರಬೇತುದಾರನ ಮನೆಯಲ್ಲಿ ಅಂದು ಏನು ಅಡುಗೆಯಾಗಬೇಕೆಂದು ಅವನು ಹೇಗೆ ನಿರ್ಧರಿಸಿಯಾನು? ಇಡೀ ಒಗಟು ತಟ್ಟೆಯಲ್ಲೇ ಇತ್ತೆಂಬುದು ಮರುಓದಿನಲ್ಲಿ ತಿಳಿಯುತ್ತದೆ.

ಪತ್ತೇದಾರನಿಗೆ ಕಂಡ ಸುಳಿವನ್ನು ಓದುಗನಿಂದ ಮುಚ್ಚಿಡಕೂಡದೆಂದು ಇಂಗ್ಲಿಷ್ ಲೇಖಕ ರೊನಾಲ್ಡ್ ನಾಕ್ಸ್ 1929ರಲ್ಲಿ ನಿಯಮ ಮಾಡಿದ. ಕನ್ನಡದ ಜನಪ್ರಿಯ ಕಾದಂಬರಿಗಳನ್ನು ಈ ಒಂದೇ ಅಳತೆಗೋಲಿನಿಂದ ಅಳೆಯಲಾಗದು. ಅವುಗಳಲ್ಲಿ ಅನೇಕವು ವೇಷ ಮರೆಸುವುದು, ಬೆನ್ನಟ್ಟುವುದು ಮುಂತಾದ ಸಾಹಸಗಳನ್ನು ನೆಚ್ಚಿದವು. ಅವನ್ನು ಮತ್ತೆ ಓದಿದಾಗ ದೊರೆಯುವುದು ಅಂದಿನ ಆಡುಮಾತು, ಅಂದಿನ ನಗರ, ಅಂದಿನ ಭಯಗಳು. ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ (1985) ಇನ್ನೊಂದು ಬಗೆಯದು. ಏಲಕ್ಕಿ ಇಳುವರಿಯ ಕುಸಿತ, ವಿಜ್ಞಾನಿ ಜೋಗಿಹಾಳರ ಸಾವು ಇವುಗಳ ತನಿಖೆಗೆ ಅಂಗಡಿ ಎಂಬ ಅಧಿಕಾರಿ ಕೆಸರೂರಿಗೆ ಬರುತ್ತಾನೆ. ಏಲಕ್ಕಿ ಬೆಳೆಯುವ ಗೂಡಲೂರಿನ ಓದುಗರಿಗೆ ಆ ಲೋಕ ಹೊಸದಲ್ಲ. ಮೊದಲ ಓದು ತನಿಖೆಯ ಬೆನ್ನು ಹತ್ತುತ್ತದೆ. ಎರಡನೆಯದರಲ್ಲಿ ಊರಿನೊಳಗೆ ಕುದಿಯುತ್ತಿದ್ದ ಜಗಳಗಳೇ ಮುಂದೆ ಬರುತ್ತವೆ. ಸುಳಿವಿನ ಜಾಡು ಹಿಡಿದು ಸಾಗುವ ಕೆನೆತ್ ಆಂಡರ್ಸನ್‌ರ ಬೇಟೆಕಥೆಗಳನ್ನೂ ಇದೇ ಕಪಾಟಿನಲ್ಲಿ ಇಡುವವರಿದ್ದಾರೆ. 1954ರ ಅವರ ಮೊದಲ ಪುಸ್ತಕದಲ್ಲಿ ಮಸಿನಗುಡಿಯ ಪಕ್ಕದ ಸೀಗೂರಿನ ನರಭಕ್ಷಕನ ಕಥೆಯಿದೆ. ಆಂಡರ್ಸನ್‌ರ ಕಥೆಗಳನ್ನು ಕನ್ನಡದ ಓದುಗರಿಗೆ ಹತ್ತಿರ ಮಾಡಿದವರೂ ತೇಜಸ್ವಿಯವರೇ.

ಸಂಗ್ರಹದಿಂದ ಮರುಮುದ್ರಣಕ್ಕೆ ಹೋಗಬೇಕಾದರೆ ಹಕ್ಕುಸ್ವಾಮ್ಯದ ಲೆಕ್ಕ ಬೇಕು. ಭಾರತದಲ್ಲಿ ಅದು ಲೇಖಕರ ಮರಣಾನಂತರದ 60 ವರ್ಷ, ಮರುವರ್ಷದ ಜನವರಿಯಿಂದ ಎಣಿಕೆ. 1930ರಲ್ಲಿ ತೀರಿಕೊಂಡ ಡಾಯ್ಲ್‌ನ ಮೂಲಕೃತಿಗಳು ಎಂದೋ ಮುಕ್ತ. 2011ರಲ್ಲಿ ನಿಧನರಾದ ನರಸಿಂಹಯ್ಯನವರ ಕೃತಿಗಳ ಹಕ್ಕು 2071ರ ಕೊನೆಯವರೆಗೆ ಜಾರಿಯಲ್ಲಿರುತ್ತದೆ. 1967ರಲ್ಲಿ ತೀರಿಕೊಂಡ ರಾಮಮೂರ್ತಿಯವರ ಕಾದಂಬರಿಗಳನ್ನು 2028ರಿಂದ ಯಾರು ಬೇಕಾದರೂ ಅಚ್ಚು ಹಾಕಬಹುದು. ಅಷ್ಟರೊಳಗೆ ಕೊನೆಯ ಪುಟದ ಸಮೇತ ಒಂದೊಂದು ಪ್ರತಿಯಾದರೂ ಕೈಗೆ ಸಿಗಬೇಕು.